ದಂಡೆಯ ಪಾಲು

ಮೀನು ಸದ್ದಿಲ್ಲದೆ ಸಾಯುತ್ತದೆ ಎಂದುಕೊಂಡವರು ಮೀನು ಸಾಯುವುದನ್ನು ನೋಡಿದವರಲ್ಲ. ಆ ಬೆಳಿಗ್ಗೆ ಮೀನಿನಕ್ಕನಿಗೆ ಎಚ್ಚರವಾದದ್ದೇ ಆ ಸದ್ದಿಗೆ. ಹಸಿದ ಮಕ್ಕಳೆಲ್ಲ ಒಟ್ಟಿಗೆ ಬಾಯಿ ಚಪ್ಪರಿಸಿದ ಹಾಗೆ ಕಿಟಕಿಯಾಚೆಯಿಂದ ಚಪಚಪ, ಚಪಚಪ. ಅವಳು ಚಪ್ಪಲಿಯನ್ನೂ ಮೆಟ್ಟದೆ ಹೊಳೆಗೆ ಓಡಿದಳು.

ನೀರು ನೀರಾಗಿ ಉಳಿದಿರಲಿಲ್ಲ. ಯಾರೋ ದಡದಿಂದ ದಡಕ್ಕೆ ಹಸಿರು ಬಣ್ಣದ ಡಬ್ಬಿ ಸುರಿದುಬಿಟ್ಟ ಹಾಗಿತ್ತು. ಬಲೆಪಂಜರಗಳ ತುಂಬ ಮೀನುಗಳು ಮೂತಿ ಮೇಲೆತ್ತಿ ಗಾಳಿಯನ್ನು ಗುಟುಕರಿಸುತ್ತಿದ್ದವು. ಅವಳ ಗಂಡ ಆಗಲೇ ಎದೆಮಟ್ಟದ ನೀರಿನಲ್ಲಿ ನಿಂತು ದೋಣಿಯ ಹುಟ್ಟಿನಿಂದ ನೀರು ಬಡಿಯುತ್ತಿದ್ದ.

"ಪಂಪು ಹಾಕ್ರೀ!" ಎಂದು ಕೂಗಿದಳು.

"ಹಾಕಿದೀನಿ. ಪಾಚಿ ಸಿಕ್ಕಿಕೊಂಡು ನಿಂತೋಯ್ತು."

ಇಬ್ಬರೂ ಬಡಿದರು. ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಸುರಿದರು. ನೀರಿಗೆ ಸ್ವಲ್ಪ ಗಾಳಿ ಸೇರಲಿ, ಒಂದೇ ಒಂದು ಪಂಜರವಾದರೂ ಉಳಿಯಲಿ ಎಂದು ರಟ್ಟೆ ಬಿದ್ದುಹೋಗುವ ತನಕ ಬಡಿದರು. ಬಿಸಿಲು ಏರುವ ಹೊತ್ತಿಗೆ ಚಪಚಪ ಸದ್ದು ನಿಂತಿತ್ತು. ಪಂಜರಗಳ ಮೇಲೆಲ್ಲ ಬಿಳಿ ಹೊಟ್ಟೆಗಳು.

ಅವಳಿಗೆ ಮೀನಿನಕ್ಕ ಎಂಬ ಹೆಸರು ಬಿದ್ದದ್ದು ಸಂತೆಯಲ್ಲಿ. ಒಳ್ಳೆಯ ಮೀನು ಮಾರುತ್ತಾಳೆ ಎನ್ನುವುದಕ್ಕೆ ಎಷ್ಟೋ, ಚೌಕಾಸಿ ಮಾಡಿದವರ ಮೇಲೆ ಮುಳ್ಳಿನ ಹಾಗೆ ಎಗರುತ್ತಾಳೆ ಎನ್ನುವುದಕ್ಕೂ ಅಷ್ಟೇ. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು, ಬಂದಷ್ಟೇ ಬೇಗ ಹೋಗುತ್ತಲೂ ಇತ್ತು. ಆ ದಿನ ಮಾತ್ರ ಅದು ಬೇರೆಯೇ ಜಾತಿಯ ಕೋಪವಾಗಿತ್ತು. ಸದ್ದಿಲ್ಲದೆ ಬಂದು ಹೊಟ್ಟೆಯಲ್ಲಿ ಕೂತಿತು.

ದಡದಲ್ಲಿ ನಾಲ್ಕು ಜನ ಸೇರಿದರು. "ಇನ್ಯಾರು ಮಾಡ್ತಾರೆ? ಪಟ್ಟಣದ ಚರಂಡಿ ನೀರೇ," ಎಂದರು. ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ ಅವಳ ಪಂಜರಗಳಿಗಿಂತ ತುಸು ಮೇಲಕ್ಕೆ, ಹೊಳೆಯ ತಿರುವಿನಲ್ಲೇ ಇತ್ತು. ಅವಳು ಒದ್ದೆ ಬಟ್ಟೆಯಲ್ಲೇ ಅಲ್ಲಿಗೆ ಹೊರಟಳು. ಗಂಡ ಹಿಂದಿನಿಂದ "ಬಟ್ಟೆನಾದ್ರೂ ಬದಲಾಯಿಸ್ಕೋ" ಎಂದದ್ದು ಗಾಳಿಗೆ ಹೋಯಿತು.

ಘಟಕದ ಗೇಟಿನ ಒಳಗೆ ಮೇಸ್ತ್ರಿ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಚಹಾ ಕುಡಿಯುತ್ತಿದ್ದ.

"ಯಾರು ಬೇಕಿತ್ತಮ್ಮ?"

"ನನ್ನ ಮೀನು ಕೊಂದವನು ಬೇಕಿತ್ತು. ಒಳಗಿದಾನಾ?"

ಮೇಸ್ತ್ರಿ ಲೋಟ ಕೆಳಗಿಟ್ಟ. ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ, ಇಂಥವರನ್ನು ಬೇಕಾದಷ್ಟು ಕಂಡಿದ್ದೇನೆ ಎನ್ನುವ ದನಿಯಲ್ಲಿ, "ಬನ್ನಿ ಇಲ್ಲಿ," ಎಂದು ಹೊರಕಾಲುವೆಯ ಬಳಿಗೆ ಕರೆದೊಯ್ದ. ಘಟಕದಿಂದ ಹೊಳೆಗೆ ಬೀಳುವ ನೀರು ತಿಳಿಯಾಗಿಯೇ ಇತ್ತು. "ನೋಡಿ. ನಿಮ್ಮನೆ ನಲ್ಲಿ ನೀರಿಗಿಂತ ಕ್ಲೀನಾಗಿದೆ."

"ಹಾಗಾದ್ರೆ ಕುಡಿ."

"ಏನಮ್ಮಾ?"

"ಆ ಲೋಟದಲ್ಲೇ ತುಂಬ್ಕೊಂಡು ಕುಡಿ. ನಾನು ನೋಡ್ತೀನಿ."

ಮೇಸ್ತ್ರಿ ಕುಡಿಯಲಿಲ್ಲ. ಇಬ್ಬರ ದನಿಯೂ ಏರಿತು. ಅವಳು ಕಾಲುವೆಯ ಕಂಬಿಯನ್ನು ಹಿಡಿದು ಅಲುಗಾಡಿಸತೊಡಗಿದಾಗ ಪಕ್ಕದ ಕೋಣೆಯಿಂದ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬಳು ಹೊರಗೆ ಬಂದಳು. ನೀರು ಪರೀಕ್ಷೆ ಮಾಡುವವಳು. ಹೊಳೆಯುದ್ದಕ್ಕೂ ಬಾಟಲಿ ಹಿಡಿದು ತಿರುಗುವ ಅವಳನ್ನು ಎಲ್ಲರೂ ಲ್ಯಾಬ್ ಮೇಡಂ ಎನ್ನುತ್ತಿದ್ದರು. ಮೀನಿನಕ್ಕನೂ ಅವಳನ್ನು ದೂರದಿಂದ ನೋಡಿ ಬಲ್ಲಳು.

"ಕಂಬಿ ಬಿಡಿ. ನಿಮ್ಮ ಹತ್ರ ದೋಣಿ ಇದೆ ಅಲ್ವಾ?" ಎಂದು ಲ್ಯಾಬ್ ಮೇಡಂ ಕೇಳಿದಳು. "ಇಲ್ಲಿ ಕೂಗಾಡೋದಕ್ಕಿಂತ ಮೇಲಕ್ಕೆ ಹೋಗಿ ನೋಡೋಣ. ನಮ್ಮ ಕಾಲುವೆಗಿಂತ ಮೇಲೆ ನೀರು ತಿಳಿಯಾಗಿದ್ರೆ ತಪ್ಪು ನಮ್ಮದು. ನಾನೇ ಒಪ್ಕೋತೀನಿ."

ದೋಣಿ ಕಾಲುವೆಯನ್ನು ದಾಟಿತು. ಅದರಾಚೆಗೂ ನೀರು ಹಸಿರೇ. ಸೇತುವೆಯ ಕೆಳಗೂ ಹಸಿರು, ಪಟ್ಟಣದ ಕೊನೆಯ ಮನೆಗಳ ಹಿಂಬದಿಗೂ ಹಸಿರು. ಬೇಸಿಗೆಯ ಕೊನೆ. ಒಂದೇ ಒಂದು ದೊಡ್ಡ ಮಳೆ ಬಂದು ಹೋದಮೇಲೆ ಮತ್ತೆ ಬಿಸಿಲು ಕಾದಿತ್ತು. ಹೊಳೆ ಹರಿಯುವುದನ್ನೇ ಮರೆತು ನಿಂತಿತ್ತು. ಮೀನಿನಕ್ಕ ಹುಟ್ಟು ಹಾಕುತ್ತಿದ್ದಳು. ಲ್ಯಾಬ್ ಮೇಡಂ ತಿರುವು ತಿರುವಿಗೂ ನೀರು ತುಂಬಿಸಿಕೊಂಡು ಪುಟ್ಟ ಗಾಜಿನ ನಳಿಕೆಗೆ ಯಾವುದೋ ಪುಡಿ ಹಾಕಿ ಕುಲುಕಿ ನೋಡುತ್ತಿದ್ದಳು.

"ಇಷ್ಟು ವರ್ಷ ಹೊಳೆ ಚೆನ್ನಾಗೇ ಇತ್ತಲ್ಲ ಮೇಡಂ?"

"ಚೆನ್ನಾಗಿ ಕಾಣ್ತಿತ್ತು."

"ಅಂದ್ರೆ?"

ಲ್ಯಾಬ್ ಮೇಡಂ ನಳಿಕೆಯನ್ನು ಬೆಳಕಿಗೆ ಹಿಡಿದಳು. "ಪಾಚಿ ಬೆಳೆಯೋಕೆ ಎರಡು ಬೇಕು. ಸಾರಜನಕ, ರಂಜಕ. ಒಂದು ಎಷ್ಟೇ ರಾಶಿ ಬಿದ್ದಿರಲಿ, ಇನ್ನೊಂದು ಇಲ್ಲ ಅಂದ್ರೆ ಅದು ಏಳಲ್ಲ. ನಾವು ಚರಂಡಿ ನೀರಿಂದ ರಂಜಕ ತೆಗೆದುಹಾಕಿದ್ವಿ. ಹೊಳೆ ತಿಳಿಯಾಯ್ತು. ಎಲ್ರೂ ಚಪ್ಪಾಳೆ ಹೊಡೆದ್ರು. ಆದ್ರೆ ಹೊಲಗಳಿಂದ ಸಾರಜನಕ ಬರ್ತಾನೇ ಇತ್ತು. ವರ್ಷ ವರ್ಷ ಜಾಸ್ತಿನೇ ಆಗ್ತಿತ್ತು. ತಿಳಿ ನೀರಲ್ಲಿ ಅದು ಕಣ್ಣಿಗೆ ಕಾಣಲ್ಲ. ಸುಮ್ನೆ ಕಾಯ್ತಾ ಕೂತಿತ್ತು."

"ಏನನ್ನ?"

"ರಂಜಕಾನ."

ಮೀನಿನಕ್ಕ ಹುಟ್ಟು ಎತ್ತಿ ಹಿಡಿದಳು. ದೋಣಿ ತೇಲಿತು. "ನಿಮಗಿದು ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳ್ದೆ. ಮೊದಮೊದಲು ಪ್ರತಿ ಮೀಟಿಂಗಲ್ಲೂ ಹೇಳ್ದೆ. ಹೊಳೆ ಕನ್ನಡಿ ಥರ ಇದೆಯಲ್ಲ, ಇನ್ನೇನು ಬೇಕು ನಿಮಗೆ ಅಂದ್ರು. ಆಮೇಲೆ ಹೇಳೋದು ಬಿಟ್ಟೆ."

"ನಿಮ್ಮನ್ನ ಇಲ್ಲೇ ನೀರಿಗೆ ಇಳಿಸಿಬಿಡಬೇಕು ಅನ್ನಿಸ್ತಿದೆ ನನಗೆ."

"ನನಗೆ ಈಜು ಬರಲ್ಲ," ಎಂದಳು ಲ್ಯಾಬ್ ಮೇಡಂ. ಅವಳ ಮುಖದಲ್ಲಿ ನಗುವಿರಲಿಲ್ಲ.

ಹೊಳೆಯ ಮುಂದಿನ ತಿರುವಿನಲ್ಲಿ ಹಸಿರು ಇದ್ದಕ್ಕಿದ್ದ ಹಾಗೆ ಮುಗಿಯಿತು. ಅಲ್ಲಿಂದ ಮೇಲಕ್ಕೆ ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುವಷ್ಟು. ತಿರುವಿನ ದಂಡೆಯನ್ನು ನೋಡಿದ ಮೀನಿನಕ್ಕನಿಗೆ ಮೊದಲು ಇದು ಯಾವ ಜಾಗ ಎಂದೇ ತಿಳಿಯಲಿಲ್ಲ. ಮರಗಳಿರಲಿಲ್ಲ. ಜೊಂಡು ಇರಲಿಲ್ಲ. ಬೋಳಿಸಿದ ತಲೆಯ ಹಾಗೆ ಹೊಲ ಸೀದಾ ನೀರಿನ ತನಕ ಬಂದು ನಿಂತಿತ್ತು. ಎಲೆಕೋಸಿನ ಸಾಲುಗಳ ನಡುವಿನಿಂದ ಮಳೆಯ ನೀರು ಕೊರೆದ ಕೊರಕಲುಗಳು ಹೊಳೆಗೆ ಬಾಯಿ ತೆರೆದಿದ್ದವು. ಮೇಲ್ಮಣ್ಣು ಕೆಂಪಗೆ ಕೊಚ್ಚಿ ಬಂದು ದಂಡೆಯ ಕೆಳಗೆ ಬೀಸಣಿಗೆಯ ಹಾಗೆ ಹರಡಿತ್ತು.

ಅದು ಅವಳ ಅಪ್ಪನ ಹೊಲ. ಈಗ ಅಕ್ಕ ಮತ್ತು ಭಾವ ಉಳುತ್ತಿದ್ದ ಹೊಲ.

ಲ್ಯಾಬ್ ಮೇಡಂ ಕೊರಕಲಿನ ಬಾಯಲ್ಲಿ ನಿಂತ ನೀರನ್ನು ನಳಿಕೆಗೆ ತುಂಬಿ ಕುಲುಕಿದಳು. ಅದು ಶಾಯಿಯ ಹಾಗೆ ಕಡುನೀಲಿಯಾಯಿತು. "ರಂಜಕ," ಎಂದಳು. "ಮಣ್ಣು ಇದನ್ನ ಸುಲಭಕ್ಕೆ ಬಿಡಲ್ಲ. ಹಾಕಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತೆ. ಸಾರಜನಕ ಮಾತ್ರ ನೀರಿನ ಜೊತೆ ಜಾರಿ ಹೊಳೆಗೆ ಓಡಿಹೋಗುತ್ತೆ. ಹಾಗಾಗಿ ಹೊಲದಲ್ಲಿ ಒಂದು, ಹೊಳೆಯಲ್ಲಿ ಒಂದು. ಮಧ್ಯೆ ದಂಡೆ ಇತ್ತು. ಈ ಸಲ ಮಣ್ಣೇ ಹೊಳೆಗೆ ಬಂತು."

ಮೀನಿನಕ್ಕನಿಗೆ ಆ ಮಾತಿನ ಅರ್ಧವೂ ಕಿವಿಗೆ ಬೀಳಲಿಲ್ಲ. ಅವಳು ದಂಡೆಯಲ್ಲಿ ಕಡಿದುಳಿದ ಮರಗಳ ಬುಡಗಳನ್ನು ನೋಡುತ್ತಿದ್ದಳು. ಬೂದು ತೊಗಟೆ, ಅದರ ಮೇಲೆ ಕಪ್ಪು ಮಚ್ಚೆ. ಆ ತೊಗಟೆಯನ್ನು ಅವಳು ದಿನಾ ಕೈಯಲ್ಲಿ ಮುಟ್ಟುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಪಂಜರಗಳಿಗೆ ಹೊಸ ಕಂಬ ನೆಟ್ಟಾಗ ಗಂಡ ಹೇಳಿದ್ದ: "ಭಾವ ಕೊಟ್ರು, ಸುಮ್ನೆ." ಭಾವನಿಗೆ ಈಗಲಾದರೂ ಕೈ ಬಿಚ್ಚುವ ಬುದ್ಧಿ ಬಂತಲ್ಲ ಎಂದು ಅವಳು ನಕ್ಕಿದ್ದಳು.

ಅಕ್ಕನ ಮನೆಯಲ್ಲಿ ಊಟದ ಹೊತ್ತು. ಭಾವ ಕೈ ತೊಳೆದು ತಟ್ಟೆಯ ಮುಂದೆ ಕೂತಿದ್ದ. ಅಕ್ಕ ಬಡಿಸುತ್ತಿದ್ದಳು. ಕೆಸರುಗಾಲಲ್ಲಿ ಒಳಗೆ ಬಂದ ತಂಗಿಯನ್ನೂ ಅವಳ ಹಿಂದಿದ್ದ ಅಪರಿಚಿತ ಹೆಂಗಸನ್ನೂ ನೋಡಿ, "ಬನ್ನಿ, ಕೂತ್ಕೊಳ್ಳಿ, ಊಟದ ಹೊತ್ತಿಗೆ ಸರಿಯಾಗಿ ಬಂದ್ರಿ," ಎಂದಳು.

"ಊಟ ಬೇಡ ಅಕ್ಕ. ನನ್ನ ಮೀನೆಲ್ಲ ಸತ್ತೋಯ್ತು."

ಅಕ್ಕನ ಕೈ ಬಾಯಿಗೆ ಹೋಯಿತು. "ಎಲ್ಲಾನೂ?"

"ಒಂದೂ ಉಳಿದಿಲ್ಲ. ಭಾವ, ದಂಡೆ ಮರ ಯಾಕೆ ಕಡಿದ್ರಿ?"

ಭಾವ ತುತ್ತು ಎತ್ತಿದವನು ಹಾಗೇ ನೋಡಿದ. ಸಂತೆಯಲ್ಲಿ ಅವನನ್ನು ಕೋಸಿನ ದೊರೆ ಎನ್ನುತ್ತಿದ್ದರು. ಅಂಥ ಗಡ್ಡೆ ಬೇರೆ ಯಾರ ಹೊಲದಲ್ಲೂ ಕಟ್ಟುತ್ತಿರಲಿಲ್ಲ. ಮೈಗಳ್ಳನಲ್ಲ, ಕೆಟ್ಟವನೂ ಅಲ್ಲ. ಆದರೆ ತನ್ನ ಹೊಲದ ವಿಷಯದಲ್ಲಿ ಇನ್ನೊಬ್ಬರ ಮಾತು ಅವನಿಗೆ ಕಣ್ಣಿಗೆ ಬಿದ್ದ ಕಸ.

"ನೆರಳಿಗೆ ಕೋಸು ಗಡ್ಡೆ ಕಟ್ಟಲ್ಲ. ಕಡಿದೆ. ನಿನ್ನ ಮೀನಿಗೂ ಮರಕ್ಕೂ ಏನು ಸಂಬಂಧ?"

ಲ್ಯಾಬ್ ಮೇಡಂ ಹೇಳಿದಳು. ಕೋಳಿಶೆಡ್ಡಿನ ಗೊಬ್ಬರ ಹಾಕುತ್ತೀರಾ ಎಂದು ಕೇಳಿದಳು. ಹಾಕುತ್ತೇನೆ, ಬಿಟ್ಟಿ ಸಿಗುತ್ತದೆ, ಲಾರಿಗಟ್ಟಲೆ ತಂದು ಸುರಿದು ಹೋಗುತ್ತಾರೆ ಎಂದ ಭಾವ. ಯೂರಿಯಾ? ಅದೂ ಹಾಕುತ್ತೇನೆ, ಎಲೆ ಹಳದಿ ತಿರುಗಿದರೆ ಗೊಬ್ಬರದಂಗಡಿಯವನು ಇನ್ನೊಂದು ಚೀಲ ಹಾಕು ಅನ್ನುತ್ತಾನೆ.

"ಕೋಳಿಗೊಬ್ಬರದಲ್ಲಿ ನಿಮ್ಮ ಬೆಳೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ರಂಜಕ ಇದೆ. ಬೆಳೆ ತಿಂದು ಮಿಕ್ಕಿದ್ದು ಮಣ್ಣಲ್ಲೇ ಕೂತಿದೆ, ಇಷ್ಟೂ ವರ್ಷದ್ದು. ಸಾರಜನಕ ಸೋರಿಹೋಗಿ ಎಲೆ ಹಳದಿ ಆಗುತ್ತೆ. ನೀವು ಮತ್ತೆ ಹಾಕ್ತೀರಿ, ಅದು ಮತ್ತೆ ಸೋರುತ್ತೆ."

"ಮೇಡಂ, ನೀವು ಕೋಸು ಬೆಳೆದಿದೀರಾ?"

"ಇಲ್ಲ."

"ಬೆಳೆದು ನೋಡಿ, ಆಮೇಲೆ ಮಾತಾಡೋಣ." ಭಾವ ನಾದಿನಿಯ ಕಡೆ ತಿರುಗಿದ. "ಅಲ್ಲಮ್ಮಾ, ದಿನಾ ಮೂಟೆ ಮೂಟೆ ಮೇವು ನೀರಿಗೆ ಸುರೀತೀಯಲ್ಲ. ನಿನ್ನ ಮೀನು ಹೇಲಲ್ವಾ? ಅದೇನು ಗಂಧದ ಪುಡಿನಾ?"

ಮೀನಿನಕ್ಕ ಲ್ಯಾಬ್ ಮೇಡಂ ಮುಖ ನೋಡಿದಳು. "ಅದೂ ಸೇರುತ್ತೆ," ಎಂದು ಮೇಡಂ ಒಪ್ಪಿಕೊಂಡಳು. "ಸ್ವಲ್ಪ. ಆದ್ರೆ ಹಸಿರು ಶುರುವಾಗಿರೋದು ಇಲ್ಲಿಂದ, ಪಂಜರ ಇರೋದು ಕೆಳಗೆ."

"ಕೇಳಿದ್ಯಾ? ಸೇರುತ್ತಂತೆ," ಎಂದು ಭಾವ ಊಟಕ್ಕೆ ಬಗ್ಗಿದ. ಅವನ ಲೆಕ್ಕಕ್ಕೆ ಮಾತು ಅಲ್ಲಿಗೆ ಮುಗಿದಿತ್ತು.

ಆ ಬಗ್ಗಿದ ತಲೆಯನ್ನು, ನಿರಾಳವಾಗಿ ಅಗಿಯುತ್ತಿದ್ದ ಆ ದವಡೆಯನ್ನು ನೋಡುತ್ತಿದ್ದ ಹಾಗೆ ಮೀನಿನಕ್ಕನೊಳಗೆ ಬೆಳಿಗ್ಗೆಯಿಂದ ಕೂತಿದ್ದ ಕೋಪ ಎದ್ದು ನಿಂತಿತು.

"ಆ ಮರ ನೆಟ್ಟವನು ನಮ್ಮಪ್ಪ," ಎಂದಳು. "ಹೊಲಾನೂ ನಮ್ಮಪ್ಪಂದೇ. ಅದರಲ್ಲಿ ನನಗೂ ಪಾಲಿದೆ."

ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಗುಲಿ ಟಣ್ ಎಂದಿತು.

ಅಪ್ಪ ಹೋದಾಗ ಪಾಲಿನ ಮಾತೇ ಬಂದಿರಲಿಲ್ಲ. ನನಗೆ ಹೊಳೆ ಸಾಕು, ಹೊಲ ನೀನಿಟ್ಕೋ ಎಂದು ತಂಗಿ ಅಕ್ಕನ ಕೈ ಹಿಡಿದು ಹೇಳಿದ್ದಳು. ಅಕ್ಕ ಆ ಮಾತನ್ನು ಎಷ್ಟು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಳೋ.

"ಈಗ ಪಾಲು ಬೇಕಾ ನಿನಗೆ?" ಎಂದು ಕೇಳಿದವನು ಭಾವ.

"ಬೇಕು. ಹೊಳೆ ಕಡೇದು. ದಂಡೆಗುಂಟ ಉದ್ದಕ್ಕೂ ಒಂದು ಪಟ್ಟಿ."

ಭಾವ ನಿಜವಾಗಿಯೇ ನಕ್ಕುಬಿಟ್ಟ. "ಹೊಲಾನ ಯಾರಾದ್ರೂ ಉದ್ದಕ್ಕೆ ಸೀಳಿ ಪಟ್ಟಿ ತಗೋತಾರೇನೇ? ಇದೇನು ಬಟ್ಟೆ ಅಂಗಡಿನಾ? ಏನು ಬೆಳೀತೀಯ ಅದರಲ್ಲಿ?"

"ಹುಲ್ಲು. ಜೊಂಡು. ಮರ. ಏನೂ ಬೆಳೆಯಲ್ಲ ಅಂತಾನೇ ಇಟ್ಕೊಳ್ಳಿ."

"ನೀರಿನ ಪಕ್ಕದ್ದು, ಇರೋದ್ರಲ್ಲೇ ಒಳ್ಳೆ ನೆಲ! ತಲೆ ಕೆಟ್ಟಿದೆಯಾ ನಿನಗೆ?" ಈಗ ಅವನೂ ಎದ್ದು ನಿಂತಿದ್ದ. ಮಾತಿಗೆ ಮಾತು ಬೆಳೆಯಿತು. ಅವಳು ಅವನನ್ನು ಕೊಲೆಗಡುಕ ಎಂದಳು. ಅವನು ಅವಳನ್ನು ಹೊಟ್ಟೆಕಿಚ್ಚಿನವಳು ಎಂದ. ಕೊನೆಗೆ ಅಕ್ಕ, ಒಂದು ದಿನವೂ ದನಿ ಎತ್ತದವಳು, "ಎಲ್ಲರೂ ಹೊರಗೆ ನಡೀರಿ," ಎಂದು ಕಿರುಚಿದಳು. "ನನ್ನ ಅಡುಗೆಮನೆಯಿಂದ ಹೊರಗೆ ನಡೀರಿ."

ಹೊರಡುವ ಮೊದಲು ಲ್ಯಾಬ್ ಮೇಡಂ ಒಂದು ಕೆಲಸ ಮಾಡಿದಳು. ತಿರುವಿನ ಮೇಲಿನ ತಿಳಿನೀರನ್ನು ಮೂರು ಬಾಟಲಿಗಳಲ್ಲಿ ತುಂಬಿ ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಳು. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಚಿಟಿಕೆ ಯೂರಿಯಾ ಹಾಕಿದಳು. ಇನ್ನೊಂದಕ್ಕೆ ಹೊಲದ ಮಣ್ಣು, ಒಂದು ಚಮಚ. "ಎಸೀಬೇಡಿ," ಎಂದು ಅಕ್ಕನಿಗೆ ಮೆಲ್ಲಗೆ ಹೇಳಿದಳು. "ನೀವೇ ನೋಡ್ತಿರಿ. ನನ್ನ ಮಾತು ನಂಬೋದು ಬೇಡ."

ಮನೆಗೆ ಬಂದಾಗ ಗಂಡ ದಡದ ಮೇಲೆ ಗುಂಡಿ ತೋಡುತ್ತಿದ್ದ. ಪಕ್ಕದಲ್ಲಿ ಸತ್ತ ಮೀನಿನ ರಾಶಿ. ಬಿಸಿಲಿಗೆ ಆಗಲೇ ನಾತ ಎದ್ದಿತ್ತು.

"ನಿಮಗೆ ಗೊತ್ತಿತ್ತು," ಎಂದಳು. "ಆ ಕಂಬ ಎಲ್ಲಿಂದ ಬಂತು ಅಂತ ಗೊತ್ತಿತ್ತು."

ಅವನು ಗುದ್ದಲಿ ನಿಲ್ಲಿಸಿದ. "ಭಾವ ಮರ ಕಡೀತಿದ್ರು. ಬೇಕಾದ್ರೆ ತಗೊಂಡು ಹೋಗು ಅಂದ್ರು. ಹೇಳಿದ್ರೆ ನೀನು ಜಗಳ ತೆಗೀತೀಯ ಅಂತ ಹೇಳಲಿಲ್ಲ."

"ತೆಗೀತಿದ್ದೆ! ತೆಗೆದಿದ್ರೆ ಇವತ್ತು ಮೀನು ಬದುಕಿರ್ತಿತ್ತು!"

"ನೀನೂ ಕಂಬ ನೋಡ್ದೆಯಲ್ಲ. ಗಟ್ಟಿ ಮರ, ಹತ್ತು ವರ್ಷ ಬರುತ್ತೆ ಅಂದೆ."

ಅದು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಕೈಗೆ ಸಿಕ್ಕ ಬುಟ್ಟಿಯನ್ನು ಗುಂಡಿಗೆ ಎಸೆದಳು. ಗಂಡ ಬುಟ್ಟಿಯನ್ನು ಎತ್ತಿ ಮೇಲಿಟ್ಟ. ಆಮೇಲೆ, ಎಂಥ ಹೊತ್ತಿನಲ್ಲೂ ನಾಲಿಗೆ ಕಚ್ಚಿಕೊಳ್ಳಲು ಬಾರದವನು, "ಇಲ್ಲಿ ಹೂಳೋದಕ್ಕಿಂತ ಭಾವನ ಹೊಲಕ್ಕೇ ಕೊಟ್ಟುಬಿಡೋಣ. ಒಳ್ಳೆ ಗೊಬ್ಬರ," ಎಂದ.

ಅವಳು ಒಂದು ಮೀನೆತ್ತಿ ಅವನ ಎದೆಗೆ ಬೀಸಿದಳು. ಗುರಿ ತಪ್ಪಲಿಲ್ಲ. ನಗು ಬಂದೇ ಬಿಡುತ್ತದೆ ಎನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅವಳೂ ಒಂದು ಗುದ್ದಲಿ ಹಿಡಿದು ಗುಂಡಿಗೆ ಇಳಿದಳು. ಸಂಜೆಯ ತನಕ ಇಬ್ಬರೂ ಅಗೆದರು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಸೇತುವೆ ದಾಟಿ ನಡೆದು ಬಂದಳು. ಕೈಚೀಲದಿಂದ ಬಾಟಲಿಗಳನ್ನು ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಎರಡು ತಿಳಿಯಾಗಿಯೇ ಇದ್ದವು. ಮಣ್ಣು ಹಾಕಿದ್ದು ಹಸಿರು ಗಂಜಿಯಾಗಿತ್ತು.

"ಪಾತ್ರೆ ತೊಳೆಯೋವಾಗೆಲ್ಲ ಇದನ್ನೇ ನೋಡಿದೀನಿ," ಎಂದಳು. ಒಳಗೆ ಬಾ ಎಂದರೆ ಬರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. "ನಿಮ್ಮ ಭಾವನಿಗೂ ತೋರಿಸ್ದೆ. ಬಾಟಲಿ ತೊಳೆದಿರಲಿಲ್ಲ ಅಂದ್ರು."

"ಈಗಲಾದ್ರೂ ಗೊತ್ತಾಯ್ತಲ್ಲ ಅಕ್ಕ ನಿನಗೆ..."

"ನಾನು ಮಾತಾಡ್ತೀನಿ, ನೀನು ಸುಮ್ನಿರು." ಎಂದು ಅಕ್ಕ ತಡೆದಳು. "ಮೀನು ಸತ್ತ ದಿನ ನೀನು ನನ್ನ ಹತ್ರ ಬಂದು ಅತ್ತಿದ್ರೆ ನಾನೂ ಅಳ್ತಿದ್ದೆ. ಅವರನ್ನ ಬೈದಿದ್ರೆ ಬೈಸ್ಕೊಳ್ಳಲಿ ಅಂತ ಬಿಡ್ತಿದ್ದೆ. ನೀನು ಪಾಲು ಕೇಳಿದೆ. ಹೊರಗಿನವರ ಮುಂದೆ, ನಾನು ಸೌಟು ಹಿಡ್ಕೊಂಡು ನಿಂತಿರೋವಾಗ. ಅಪ್ಪ ಹೋದಾಗ ನನ್ನ ಕೈ ಹಿಡಿದು ಹೇಳಿದ್ದೆಲ್ಲ ಬರೀ ಬಾಯಿಮಾತಾ?"

"ಬೇರೆ ದಾರಿ ಇರಲಿಲ್ಲ ಅಕ್ಕ. ಅವರು ಕೇಳ್ತಿರಲಿಲ್ಲ."

"ನನ್ನ ಕೇಳ್ದೆಯಾ?"

ಅಕ್ಕನನ್ನು ಕೇಳಬೇಕು ಎಂದು ಮೀನಿನಕ್ಕನಿಗೆ ತೋಚಿಯೇ ಇರಲಿಲ್ಲ.

"ಪಾಲು ಕೊಡ್ತೀನಿ. ಆ ಹೊಲ ನನ್ನ ಹೆಸರಲ್ಲಿದೆ, ಅವರದಲ್ಲ. ನೀನು ಕೇಳಿದ ಕಡೆಯೇ ತಗೋ, ಹೊಳೆ ಉದ್ದಕ್ಕೂ. ಆದ್ರೆ ಇನ್ನು ನನ್ನ ಮನೆ ಹೊಸಿಲು ತುಳೀಬೇಡ. ತಂಗಿ ಆಗಿ ಬರ್ತಿದ್ದೆ, ಬಾ ಅಂತಿದ್ದೆ. ಈಗ ಪಕ್ಕದ ಹೊಲದವಳು. ಏನಿದ್ರೂ ಬೇಲಿ ಹತ್ರ ನಿಂತು ಮಾತಾಡು."

ಅಕ್ಕ ಬಾಟಲಿಗಳನ್ನು ಅಲ್ಲೇ ಬಿಟ್ಟು ಬಂದ ದಾರಿಯಲ್ಲೇ ಹೊರಟುಹೋದಳು. ಹಿಂದಿರುಗಿ ನೋಡಲಿಲ್ಲ.

ಅಳತೆಯವನು ಸರಪಳಿ ಎಳೆದು ಕಲ್ಲು ನೆಟ್ಟ ದಿನ ಅರ್ಧ ಊರೇ ದಂಡೆಗೆ ಬಂದಿತ್ತು. ಗೊಬ್ಬರದಂಗಡಿಯವನು ಛತ್ರಿ ಹಿಡಿದು ನಿಂತು, ಹೀಗೆ ಎಲ್ಲರೂ ದಂಡೆ ಬಿಟ್ಟರೆ ಜನ ಏನು ತಿನ್ನುತ್ತಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದ. ಭಾವ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕುತ್ತ, ಒಂದೊಂದು ಗುದ್ದಿಗೂ ತನ್ನ ಬೆನ್ನಿಗೇ ಬಿದ್ದ ಹಾಗೆ ಮುಖ ಕಿವುಚುತ್ತಿದ್ದ.

"ಹುಲ್ಲು ಬೆಳೆಯೋಕೆ ಹೊಲ ಕಿತ್ಕೊಂಡ ಮೊದಲನೇ ಹೆಂಗಸು ನೀನೇ," ಎಂದು ಕೂಗಿದ.

"ಕಿತ್ಕೊಂಡಿಲ್ಲ ಭಾವ, ನಂದನ್ನ ತಗೊಂಡೆ. ಕಿತ್ಕೊಂಡವರು ನೀವು. ಒಂದು ಹೊಳೇನೇ ಕಿತ್ಕೊಂಡ್ರಿ."

ಗಂಡಹೆಂಡಿರು ಸೇರಿ ಆ ಪಟ್ಟಿಯ ತುಂಬ ಜೊಂಡು ನೆಟ್ಟರು, ಹುಲ್ಲಿನ ಬೀಜ ಎರಚಿದರು, ಮರದ ಸಸಿ ಇಟ್ಟರು. ಭಾವ ದಿನಾ ಬೇಲಿಯಾಚೆ ಬಂದು ನಿಂತು ಉಗಿದು ಹೋಗುತ್ತಿದ್ದ. ಅವಳೂ ಈಚೆ ಉಗಿದು ಕೆಲಸ ಮುಂದುವರಿಸುತ್ತಿದ್ದಳು. ಪಂಜರ ಖಾಲಿ ಇದ್ದುದರಿಂದ ಗಂಡ ಬೇರೆಯವರ ಬಲೆ ಹೆಣೆಯುವ ಕೆಲಸಕ್ಕೆ ಹೋಗತೊಡಗಿದ. ಸಂತೆಯಲ್ಲಿ ಅವಳ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟ್ಟು ಮಾರುವವನು ಬಂದು ಕೂತ.

ಮಳೆಗಾಲ ಬಂತು. ಮೊದಲ ಜೋರು ಮಳೆಯ ಮರುದಿನ ಲ್ಯಾಬ್ ಮೇಡಂ ಬೂಟು ಹಾಕಿಕೊಂಡು ಬಂದಳು. ಕೋಸಿನ ಹೊಲದಿಂದ ಇಳಿದ ಕೆಂಪು ಮಣ್ಣು ಹುಲ್ಲಿನ ಬುಡದಲ್ಲಿ ದಪ್ಪಗೆ ನಿಂತುಬಿಟ್ಟಿತ್ತು. ಹೊಳೆಗೆ ತಲುಪಿದ್ದು ಬಹಳ ಕಡಿಮೆ. ಮೀನಿನಕ್ಕ ಆ ಮಣ್ಣನ್ನು ಕಾಲಿನಿಂದ ಒತ್ತಿ, ಕೇಳಿಯೇಬಿಟ್ಟಳು: "ಹಾಗಾದ್ರೆ ಬರೋ ವರ್ಷ ಮರಿ ಬಿಡಬಹುದಾ?"

ಲ್ಯಾಬ್ ಮೇಡಂ ನಳಿಕೆ ತೋರಿಸಿದಳು. ರಂಜಕದ ನೀಲಿ ತಿಳಿಯಾಗಿತ್ತು. ಇನ್ನೊಂದು ನಳಿಕೆ, ಸಾರಜನಕದ್ದು, ಮೊದಲಿನ ಹಾಗೇ ಕಡುಗೆಂಪಾಗಿತ್ತು. "ಇದು ಮಣ್ಣಿನ ಮೇಲಿಂದ ಬರೋದಲ್ಲ, ನೆಲದಡಿ ಇಳಿದು ಬರುತ್ತೆ. ನಿಮ್ಮ ಜೊಂಡು ಸ್ವಲ್ಪ ಕುಡೀಬಹುದು, ಅಷ್ಟೇ. ಮೇಲಿನ ಊರುಗಳಿಂದೆಲ್ಲ ಬರ್ತಿದೆ."

"ಮತ್ತೆ ಮಣ್ಣಲ್ಲಿ ಕೂತಿರೋ ರಂಜಕ?"

"ಅದು ಇನ್ನೂ ಎಷ್ಟೋ ವರ್ಷ ಅಲ್ಲೇ ಇರುತ್ತೆ. ನಮ್ಮಿಬ್ಬರ ಆಯಸ್ಸು ಮುಗಿದ ಮೇಲೂ ಇರಬಹುದು. ಇವತ್ತಿಗೆ ಹಾಕೋದು ನಿಲ್ಲಿಸಿದ್ರೂನು."

"ಹಾಗಾದ್ರೆ ನಾನು ಅಕ್ಕನ್ನ ಕಳ್ಕೊಂಡಿದ್ದು ಯಾತಕ್ಕೆ?" ಅವಳು ಕೂಗಿದಳು. ಆಮೇಲೆ ಮತ್ತೆ, ಹೊಳೆಗೇ ಕೂಗುವ ಹಾಗೆ, "ಯಾತಕ್ಕೆ ಹೇಳಿ!"

ಲ್ಯಾಬ್ ಮೇಡಂ ಸಮಾಧಾನ ಹೇಳಲಿಲ್ಲ. ಅವಳ ಕಣ್ಣೂ ಕೆಂಪಾಗಿತ್ತು. "ನಾಳೆ ಹೊಳೆ ವಿಷಯಕ್ಕೆ ಊರ ಮೀಟಿಂಗಿದೆ," ಎಂದಳು. "ನಾನು ಮತ್ತೆ ಹೇಳೋಕೆ ಶುರು ಮಾಡಿದೀನಿ. ಈ ಸಲ ಕೂಗಿ ಹೇಳ್ತಿದೀನಿ. ನೀವೂ ಬನ್ನಿ. ಇಬ್ಬರೂ ಕೂಗೋಣ."

ಹೋದರು. ಕೂಗಿದರು. ಕೆಲವರು ಕೇಳಿದರು, ಕೆಲವರು ಫೋನು ನೋಡಿಕೊಂಡಿದ್ದರು. ಭಾವ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ಆಮೇಲೆ ಎದ್ದು ಹೋದ.

ಮಳೆ ನಿಂತ ಮೇಲೆ ಒಂದು ದಿನ ಕೋಳಿಶೆಡ್ಡಿನ ಯಜಮಾನ ಮೋಟಾರುಬೈಕು ಹತ್ತಿ ಅವಳ ಮನೆಗೇ ಬಂದ. "ಏನಮ್ಮಾ, ನಿಮ್ಮ ಭಾವನ ತಲೆಗೆ ಏನು ತುಂಬಿದೀರಿ? ಈ ಸಲ ಗೊಬ್ಬರ ಬೇಡ, ಗೇಟಿನ ಒಳಗೆ ಲಾರಿ ಬಿಡಲ್ಲ ಅಂತಿದಾರೆ. ನನ್ನ ಕೋಳಿ ದಿನಾ ಹಿಕ್ಕೆ ಹಾಕ್ತಾವೆ. ನಾನೆಲ್ಲಿಗೆ ಸುರೀಲಿ?"

ಮೀನಿನಕ್ಕನಿಗೆ ನಂಬಲಾಗಲಿಲ್ಲ. ಭಾವ ಈ ಮಾತನ್ನು ಅವಳಿಗೆ ಹೇಳಿರಲಿಲ್ಲ. ಬೇಲಿಯಾಚೆ ನಿಂತು ಉಗಿಯುವುದನ್ನೂ ನಿಲ್ಲಿಸಿರಲಿಲ್ಲ.

"ಮತ್ತೆ ಎಲ್ಲಿಗೆ ಸುರಿದ್ರಿ?" ಎಂದು ಕೇಳಿದಳು.

"ಮೇಲಿನ ತಿರುವಲ್ಲಿ ಆಲೂಗಡ್ಡೆ ಹಾಕ್ತಾನಲ್ಲ, ಅವನು ತಗೋತೀನಿ ಅಂದ. ದಂಡೆ ಬೋಳಿಸಿ ಜಾಗ ಮಾಡ್ತಿದಾನೆ. ಇವತ್ತು ಲಾರಿ ಹೋಗಿದೆ."

ಅವಳು ಅವನ ಮಾತು ಮುಗಿಯಲು ಬಿಡಲಿಲ್ಲ. ಸೀದಾ ದೋಣಿಗೆ ಇಳಿದು ಹಗ್ಗ ಬಿಚ್ಚಿದಳು. ಮೀನು ಸತ್ತ ದಿನದ ಅದೇ ಕೋಪ ಈಗ ತೋಳಿಗೆ ಇಳಿದಿತ್ತು. ದೋಣಿ ನೀರು ಸೀಳಿಕೊಂಡು ಹೋಯಿತು. ಘಟಕ, ಸೇತುವೆ, ಪಟ್ಟಣದ ಹಿಂಬದಿಗಳು ಹಿಂದೆ ಸರಿದವು.

ಅಪ್ಪನ ಹೊಲದ ಬಳಿ ಬಂದಾಗ ಅಕ್ಕ ಬೇಲಿಯ ಪಕ್ಕದಲ್ಲಿ ಕೋಸಿನ ಎಲೆ ಆಯುತ್ತಿದ್ದಳು. ತಂಗಿ ಹುಚ್ಚು ಹಿಡಿದವಳ ಹಾಗೆ ಹುಟ್ಟು ಹಾಕುವುದನ್ನು ನೋಡಿ ನೆಟ್ಟಗೆ ನಿಂತಳು. ಅಷ್ಟು ತಿಂಗಳುಗಳಲ್ಲಿ ಇಬ್ಬರೂ ಮಾತಾಡಿರಲಿಲ್ಲ.

"ಎಲ್ಲಿಗೆ?" ಎಂದು ಅಕ್ಕ ಕೇಳಿದಳು.

"ಜಗಳಕ್ಕೆ."

"ಯಾರ ಹತ್ರ?"

"ಆಲೂಗಡ್ಡೆಯವನ ಹತ್ರ. ಕೋಳಿಗೊಬ್ಬರ ಅವನ ಹೊಲಕ್ಕೆ ಹೋಯ್ತಂತೆ. ದಂಡೆ ಕೀಳ್ತಿದಾನಂತೆ."

ಅಕ್ಕ ಒಂದು ಕ್ಷಣ ಹೊಳೆಯನ್ನು ನೋಡಿದಳು. ಕೈಯಲ್ಲಿದ್ದ ಎಲೆಗಳನ್ನು ನೆಲಕ್ಕೆ ಹಾಕಿದಳು. ಬೇಲಿ ದಾಟಿ, ತಂಗಿಯ ಜೊಂಡನ್ನು ತುಳಿದುಕೊಂಡೇ ನೀರಿಗೆ ಇಳಿದಳು.

"ದೋಣಿ ಹತ್ತಿರಕ್ಕೆ ತಾ."

ಮೀನಿನಕ್ಕ ಹುಟ್ಟು ಹಾಕಿದಳು. ಅಕ್ಕ ಕಾಲಿನ ಕೆಸರು ತೊಳೆದುಕೊಂಡಳು, ಅಷ್ಟೇ. ಮೇಲಿನ ತಿರುವಿನಲ್ಲಿ ಮಣ್ಣು ಅಗೆಯುವ ಯಂತ್ರ ದಂಡೆಯ ಬೇರುಗಳನ್ನು ಮೇಲೆತ್ತುತ್ತಿತ್ತು. ಪಕ್ಕದಲ್ಲಿ ಗೊಬ್ಬರದ ರಾಶಿಯ ಮೇಲೆ ನೊಣ ಮುತ್ತಿದ್ದವು. ಆಲೂಗಡ್ಡೆಯವನು ದೋಣಿಯನ್ನು ಕಂಡು, "ಏನಮ್ಮಾ, ಇಬ್ಬಿಬ್ಬರು?" ಎಂದು ನಗುತ್ತ ದಡಕ್ಕೆ ಬಂದ. ಮೀನಿನಕ್ಕ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಕ್ಕ ದೋಣಿಯಲ್ಲಿ ಎದ್ದು ನಿಂತಿದ್ದಳು.

"ಯಂತ್ರ ನಿಲ್ಸೋ!" ಎಂದು ಕೂಗಿದಳು. ಆ ದನಿ ಅಷ್ಟು ದೊಡ್ಡದಿರಬಹುದು ಎಂದು ತಂಗಿಗೂ ಗೊತ್ತಿರಲಿಲ್ಲ.